ದೇವರ ಮೀನಿಗೆ ಇಡೀ ಹೊಳೆ ಬೇಕು

ಐಎಎಸ್, ಕೆಎಎಸ್ ಪರೀಕ್ಷೆಗೆ ಓದುವವರ ಟಿಪ್ಪಣಿ ಪುಸ್ತಕದಲ್ಲಿ ಮಹಶೀರ್ ಮೀನಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು: ಹಿಮಾಲಯದ ನದಿಗಳ ಮೀನು, ‘ನದಿಯ ಹುಲಿ’ ಎಂಬ ಬಿರುದು, ಉತ್ತರಾಖಂಡದ ರಾಜ್ಯಮೀನು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಹಶೀರ್ ನೋಡಲು ಹಿಮಾಲಯಕ್ಕೇ ಹೋಗಬೇಕಿಲ್ಲ. ಬೆಳ್ತಂಗಡಿ ತಾಲ್ಲೂಕಿನಲ್ಲಿ ಕೊಕ್ಕಡ, ಅರಸಿನಮಕ್ಕಿ ದಾಟಿ ಘಟ್ಟದ ಬುಡದ ಶಿಶಿಲಕ್ಕೆ ಹೋದರೆ ಸಾಕು. ಶಿಶಿಲೇಶ್ವರ ದೇವಸ್ಥಾನದ ಮಗ್ಗುಲಲ್ಲೇ ಕಪಿಲಾ ಹೊಳೆ. ಅದರ ಮತ್ಸ್ಯತೀರ್ಥದಲ್ಲಿ ಈ ಮೀನು ಹಿಂಡುಹಿಂಡಾಗಿದೆ. ತುಳುವಿನಲ್ಲಿ ಇದಕ್ಕೆ ಪೆರುವೋಲು ಎನ್ನುತ್ತಾರೆ. ಭಕ್ತರಿಗೆ ಇದು ದೇವರ ಮೀನು.

ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಅಕ್ಕಿ ಎಸೆದರೆ ನೀರೆಲ್ಲ ಕಲಕಿ, ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬರುತ್ತವೆ. ಬಗ್ಗಿ ನೋಡಿದರೆ ದಪ್ಪ ತುಟಿ, ಬಾಯಿಯ ಬದಿಗೆ ಎರಡು ಜೊತೆ ಮೀಸೆ ಕಾಣುತ್ತವೆ. ಹುರುಪೆಗಳು ಎಷ್ಟು ದೊಡ್ಡವೆಂದರೆ ತಲೆಯಿಂದ ಬಾಲದವರೆಗೆ ಒಂದು ಸಾಲಿಗೆ ಇಪ್ಪತ್ತೈದರ ಆಸುಪಾಸಿನಷ್ಟೇ ಹಿಡಿಸುತ್ತವೆ. ದಕ್ಷಿಣದ ಈ ಮಹಶೀರ್‌ಗೆ ವಿಜ್ಞಾನದ ಹೆಸರು ಟಾರ್ ಖುದ್ರೀ. ಪುಣೆಯ ಬಳಿಯ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇದನ್ನು ವರ್ಣಿಸಿದ. ಕಾಟ್ಲಾ, ರೋಹುಗಳ ಕಾರ್ಪ್ ಬಳಗಕ್ಕೇ ಇದೂ ಸೇರುತ್ತದೆ.

‘ಹುಲಿ’ ಎಂದು ಕರೆಸಿಕೊಂಡರೂ ಇದರ ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ಹಲ್ಲುಗಳಿರುವುದು ಗಂಟಲಿನಲ್ಲಿ, ಮೂರು ಸಾಲಾಗಿ. ಬಾಯಿ ಮುಂದಕ್ಕೆ ಚಾಚಿ ಎಳೆದುಕೊಂಡದ್ದನ್ನು ಅವು ಬೀಸುಕಲ್ಲಿನಂತೆ ಅರೆದು ಒಳಗೆ ಕಳಿಸುತ್ತವೆ. ಹೊಳೆಗೆ ಬಿದ್ದ ಕಾಡುಹಣ್ಣು, ಬೀಜ, ಏಡಿ, ಹುಳ, ಸಣ್ಣ ಮೀನು, ಪಾಚಿ ಯಾವುದೂ ವರ್ಜ್ಯವಲ್ಲ. ಕಾರ್ಪ್ ಬಳಗದ ಉಳಿದ ಮೀನುಗಳಂತೆ ಇದಕ್ಕೂ ಜಠರವಿಲ್ಲ. ಗಂಟಲು ದಾಟಿದ್ದು ನೇರ ಕರುಳಿಗೇ ಹೋಗುತ್ತದೆ. ಒಮ್ಮೆಗೇ ತಿಂದು ಕೂಡಿಟ್ಟುಕೊಳ್ಳಲು ಒಳಗೆ ಜಾಗವಿಲ್ಲದ್ದರಿಂದ ಆಗಾಗ ಸ್ವಲ್ಪಸ್ವಲ್ಪ ತಿನ್ನುತ್ತಿರಬೇಕು. ಹೊಳೆಬದಿಯ ಮರ ಕಡಿದರೆ ಮೀನಿನ ಊಟಕ್ಕೂ ಕತ್ತರಿ ಬೀಳುತ್ತದೆ ಎಂಬುದಕ್ಕೆ ಕಾರಣ ಇಲ್ಲಿದೆ.

ಇದರ ಕಿವಿಯೂ ವಿಶೇಷವಾದದ್ದೇ. ಹೊಟ್ಟೆಯೊಳಗಿನ ಗಾಳಿಚೀಲ ಮೀನು ತೇಲಲು ನೆರವಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಕಾರ್ಪ್ ಬಳಗದಲ್ಲಿ ಆ ಚೀಲಕ್ಕೆ ಎರಡನೆಯ ಕೆಲಸವೂ ಉಂಟು. ನೀರಿನಲ್ಲಿ ಸದ್ದು ಎದ್ದಾಗ ಚೀಲ ಅದುರುತ್ತದೆ. ಬೆನ್ನೆಲುಬಿನ ಮುಂಭಾಗದ ಪುಟ್ಟ ಎಲುಬುಗಳ ಸಾಲು ಆ ಅದುರನ್ನು ಒಳಗಿವಿಗೆ ದಾಟಿಸುತ್ತದೆ. ಇವಕ್ಕೆ ವೆಬೇರಿಯನ್ ಎಲುಬುಗಳೆಂದು ಹೆಸರು. ಪ್ರಾಣಿಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರಿಗೆ ಪರಿಚಿತವೇ. ಹೊಳೆಗೆ ತೋಟೆ ಸಿಡಿಸಿ ಮೀನು ಹಿಡಿಯುವವರಿಗೆ ಈ ಮೀನು ಸುಲಭದ ತುತ್ತಾಗುವುದೂ ಇದೇ ಚೀಲದಿಂದ. ಸ್ಫೋಟದ ಒತ್ತಡದ ಅಲೆ ಬಡಿದೊಡನೆ ಗಾಳಿ ತುಂಬಿದ ಚೀಲ ಒಡೆದುಹೋಗುತ್ತದೆ. ಕೈಗೆ ಸಿಗುವ ಮೀನಿಗಿಂತ ಸತ್ತು ತಳ ಸೇರುವ ಮೀನೇ ಹೆಚ್ಚು. ಒಳನಾಡಿನ ನೀರಿನಲ್ಲಿ ಸ್ಫೋಟಕ ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲೇ ನಿಷೇಧಿಸಿದೆ. ಕಾಯಿದೆಗೆ ಶತಮಾನ ಕಳೆದರೂ ತೋಟೆಯ ಸದ್ದು ನಿಂತಿಲ್ಲ.

ಪೆರುವೋಲಿನ ವರ್ಷ ನಡೆಯುವುದು ಮಳೆಯ ಲೆಕ್ಕದಲ್ಲಿ. ಜೂನ್‌ನಲ್ಲಿ ಹೊಳೆ ಕೆಂಪಾಗಿ ಉಕ್ಕಿದಾಗ ಬಲಿತ ಮೀನುಗಳು ಹರಿವಿಗೆ ಎದುರಾಗಿ ಮೇಲಕ್ಕೆ ಏರುತ್ತವೆ. ಜಲ್ಲಿಕಲ್ಲಿನ ತಳವಿದ್ದು ನೀರು ತಿಳಿಯಾಗಿ ಓಡುವ ಜಾಗ ಸಿಕ್ಕಲ್ಲಿ ಮೊಟ್ಟೆ ಇಡುತ್ತವೆ. ರೋಹು ತನ್ನ ತೂಕದ ಪ್ರತಿ ಕಿಲೋಗೆ ಲಕ್ಷಕ್ಕೂ ಮೀರಿ ಮೊಟ್ಟೆ ಹಾಕಿದರೆ ಮಹಶೀರ್ ಹಾಕುವುದು ಕೆಲವೇ ಸಾವಿರ. ಮೊಟ್ಟೆ ದೊಡ್ಡದು, ಭಾರದ್ದು. ಕಲ್ಲಿನ ಸಂದಿಗೆ ಇಳಿದು ಕೂರುತ್ತದೆ. ಮರಿ ಹೊರಬರಲು ಮೂರು ದಿನಗಳ ಆಸುಪಾಸು ಬೇಕು. ಅಲ್ಲಿಯತನಕ ಮೊಟ್ಟೆ ಉಸಿರಾಡುವುದು ಕಲ್ಲುಗಳ ನಡುವೆ ನುಸುಳುವ ನೀರಿನಿಂದ. ಕೆಸರು ಬಂದು ಸಂದಿ ಮುಚ್ಚಿದರೆ ಉಸಿರು ಕಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ಹೊಳೆಗಳಿಗೆ ಮಣ್ಣು, ಹೊಯಿಗೆ, ಮರದ ದಿಮ್ಮಿ ನುಗ್ಗಿದ್ದನ್ನು ಈ ಸೀಮೆಯವರು ಮರೆತಿಲ್ಲ. ತೋಟ, ಸೇತುವೆ, ಮನೆಗಳ ನಷ್ಟವನ್ನು ಎಲ್ಲರೂ ಕಂಡರು. ಅಂಥ ನೆರೆ ಹೊಳೆಯ ತಳವನ್ನೂ ಬದಲಿಸುತ್ತದೆ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಮಳೆಗಾಲದಲ್ಲಿ ಹರಡಿಹೋದ ಮೀನು ಬೇಸಗೆಯಲ್ಲಿ ಒಟ್ಟುಗೂಡುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊಳೆಯ ಬಹುಭಾಗ ಬಂಡೆಗಲ್ಲು. ನೀರು ಉಳಿಯುವುದು ಕಯ ಎನ್ನುವ ಆಳದ ಮಡುಗಳಲ್ಲಿ ಮಾತ್ರ. ಬಿಸಿಯಾದಷ್ಟೂ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ 7.5 ಮಿಲಿಗ್ರಾಂ. ನೆರಳಿರುವ, ಆಳವಿರುವ, ಸ್ವಲ್ಪವಾದರೂ ಹರಿವಿರುವ ಕಯವೇ ಆಗ ಮೀನಿನ ಜೀವ ಕಾಯುವ ಜಾಗ. ದೇವಸ್ಥಾನದ ಮುಂದಿನ ನೀರಿನಲ್ಲಿ ಬಲೆ ಬೀಸಬಾರದೆಂಬ ಕಟ್ಟಳೆ ಕಾಪಾಡಿಕೊಂಡು ಬಂದದ್ದು ಇಂಥ ಜಾಗವನ್ನೇ. ಶಿಶಿಲವಷ್ಟೇ ಅಲ್ಲ, ಸುಳ್ಯ ತಾಲ್ಲೂಕಿನ ತೊಡಿಕಾನ, ತುಂಗೆಯ ದಡದ ಶೃಂಗೇರಿಯಲ್ಲೂ ಇದೇ ಪದ್ಧತಿ. ಪರೀಕ್ಷೆಯ ಭಾಷೆಯಲ್ಲಿ ಇದಕ್ಕೆ ಮೂಲನೆಲೆಯ ಸಂರಕ್ಷಣೆ ಎನ್ನಬಹುದು. ಇದಕ್ಕೆ ನಾಗಬನವನ್ನು ಉದಾಹರಣೆ ಕೊಡುವವರು ಅದರ ಪಕ್ಕದಲ್ಲೇ ದೇವರ ಮೀನಿನ ಗುಂಡಿಯನ್ನೂ ಬರೆದುಕೊಳ್ಳಬೇಕು.

ಆದರೆ ಮೀನು ಒಂದೆಡೆ ಸೇರುವುದು ಎಷ್ಟು ಅನುಕೂಲವೋ ಅಷ್ಟೇ ಅಪಾಯ. 1996ರಲ್ಲಿ ಶಿಶಿಲದ ನೀರಿಗೆ ಯಾರೋ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಊರಿನಲ್ಲಿ ಸ್ಮಾರಕವೇ ಎದ್ದಿದೆ. ಹರಿವ ಹೊಳೆಯ ಉದ್ದಕ್ಕೂ ಚದುರಿದ ಮೀನನ್ನು ಹೀಗೆ ಒಂದೇ ಏಟಿಗೆ ಮುಗಿಸಲಾಗದು. ಮನುಷ್ಯನ ನೆರಳು ಕಂಡರೆ ಓಡಬೇಕಾದ ಜೀವ ಅಕ್ಕಿಯ ಆಸೆಗೆ ಮೆಟ್ಟಿಲ ಬುಡಕ್ಕೇ ಬರುವುದು ಅಭ್ಯಾಸವಾಗಿರುವಾಗ ವಿಷ ಹಾಕುವವನ ಕೆಲಸ ಇನ್ನಷ್ಟು ಹಗುರ.

ಹಾಗಾದರೆ ಮೊಟ್ಟೆಕೇಂದ್ರದಲ್ಲಿ ಮರಿ ಮಾಡಿ ಹೊಳೆಗೆ ಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕಾವೇರಿಯಲ್ಲಿದೆ. 1970ರ ದಶಕದಲ್ಲಿ ಲೋಣಾವಳದ ಟಾಟಾ ಕೇಂದ್ರದಲ್ಲಿ ಟಾರ್ ಖುದ್ರೀಯ ಮರಿಗಳನ್ನು ಕೃತಕವಾಗಿ ಬೆಳೆಸುವುದು ಕರಗತವಾಯಿತು. ಅಲ್ಲಿಯ ಮರಿಗಳು ಕಾವೇರಿಗೂ ಬಂದವು. ಕಾವೇರಿಗೆ ತನ್ನದೇ ಆದ ಡುಬ್ಬದ ಮಹಶೀರ್ ಇತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ 120 ಪೌಂಡ್ ತೂಕದ ದಾಖಲೆಯ ಮೀನು ಈ ಜಾತಿಯದೇ. ಹೊರಗಿನಿಂದ ಬಂದದ್ದು ಹೆಚ್ಚುತ್ತ ಹೋದ ಹಾಗೆ ಇಲ್ಲಿಯದು ಕಾಣೆಯಾಗತೊಡಗಿತು. ಡುಬ್ಬದ ಮಹಶೀರ್ ಮತ್ತು ಟಾರ್ ರೆಮಾದೇವಿ ಎಂಬ ಜಾತಿ ಒಂದೇ ಎಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಇತ್ತ ಅಳಿವಿನಂಚಿನಲ್ಲಿದ್ದ ಟಾರ್ ಖುದ್ರೀ ‘ಕಡಿಮೆ ಆತಂಕ’ದ ವರ್ಗಕ್ಕೆ ಇಳಿಯಿತು. ಹಳೆಯ ಗೈಡುಗಳಲ್ಲಿ ಇನ್ನೂ ಅಳಿವಿನಂಚಿನದೆಂದೇ ಇರಬಹುದು, ತಿದ್ದಿಕೊಳ್ಳಿ. ಹಾಗೆಯೇ ಕರ್ನಾಟಕದ ರಾಜ್ಯಮೀನು ಮಹಶೀರ್ ಅಲ್ಲ, ಕರ್ನಾಟಿಕ್ ಕಾರ್ಪ್ ಎಂಬುದೂ ನೆನಪಿರಲಿ.

‘ಕಡಿಮೆ ಆತಂಕ’ ಎಂಬುದು ಇಡೀ ಜಾತಿಗೆ ಕೊಟ್ಟ ಅಂಕ. ಕಪಿಲೆಯ ಪೆರುವೋಲಿಗೆ ಅದರಿಂದ ರಕ್ಷಣೆಯೇನೂ ಸಿಗದು. ಅದಕ್ಕೆ ಬೇಸಗೆಗೆ ಕಯ ಬೇಕು, ಜೂನ್‌ನಲ್ಲಿ ಏರಲು ದಾರಿ ಬೇಕು, ಮೊಟ್ಟೆಗೆ ಕೆಸರಿಲ್ಲದ ಜಲ್ಲಿ ಬೇಕು, ಮರಿಗೆ ದಡದ ನೆರಳು ಬೇಕು. ಇವುಗಳಲ್ಲಿ ದೇವಸ್ಥಾನದ ಕಟ್ಟಳೆ ಕಾಯುವುದು ಮೊದಲನೆಯದನ್ನು ಮಾತ್ರ. ಉಳಿದ ಮೂರು ಗುಂಡಿಯಿಂದ ಆಚೆ ಇವೆ: ಅಡಕೆ ತೋಟದ ಅಂಚಿನಲ್ಲಿ, ಹೊಯಿಗೆ ತೆಗೆಯುವ ಕಡವಿನಲ್ಲಿ, ಘಟ್ಟದ ರಸ್ತೆಯ ಮಣ್ಣು ಜಾರುವ ಇಳಿಜಾರಿನಲ್ಲಿ. ನಾಳೆ ಅಧಿಕಾರಿಯಾಗಿ ಒಂದು ಕಿಂಡಿ ಅಣೆಕಟ್ಟಿಗೋ ಮರಳು ಪರವಾನಗಿಗೋ ಸಹಿ ಹಾಕಬೇಕಾದವರು ಇಂದು ಈ ಮೀನಿನ ಬಗ್ಗೆ ಓದುತ್ತಿದ್ದಾರೆ. ಮೀನು ಯಾವ ತಿಂಗಳು ಎಲ್ಲಿರುತ್ತದೆ ಎಂಬುದು ಅವರಿಗೆ ಪರೀಕ್ಷೆ ಮುಗಿದ ಮೇಲೂ ಬೇಕಾಗುವ ಸಂಗತಿ.