ಮೂರು ಮಿಲಿಮೀಟರಿನ ಇಕ್ಕಟ್ಟು

ತಲೆನೋವೆಂದು ಎಂಆರ್‌ಐ ಮಾಡಿಸಿದವರ ವರದಿಯಲ್ಲಿ ಕೆಲವೊಮ್ಮೆ ಯಾರೂ ನಿರೀಕ್ಷಿಸದ ಸಾಲೊಂದು ಇರುತ್ತದೆ: ಮಿದುಳಿನ ರಕ್ತನಾಳದಲ್ಲಿ 3 ಮಿ.ಮೀ. ಅನ್ಯೂರಿಸಂ. ಅಂದರೆ, ನಾಳದ ಗೋಡೆ ದುರ್ಬಲವಾದ ಕಡೆ ಕೊತ್ತಂಬರಿ ಬೀಜದಷ್ಟು ಉಬ್ಬಿಕೊಂಡಿದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಂಥ ಉಬ್ಬು ಇರುತ್ತದೆ. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾದಾಗ ಕೋಲ್ಕತ್ತದ ಡಮ್ ಡಮ್‌ನ ಮನೆಯಲ್ಲೂ ದಾವಣಗೆರೆಯ ಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಚಿಕ್ಕದಿರುವಾಗಲೇ ಮುಚ್ಚಿಸಿಬಿಟ್ಟರೆ ಆಗದೇ? ಆದರೆ ಚಿಕ್ಕದಿದ್ದಷ್ಟೂ ಚಿಕಿತ್ಸೆ ಸುಲಭ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ತಲೆಬುರುಡೆ ತೆರೆಯದೆ ಮಾಡುವ ಚಿಕಿತ್ಸೆಗಳಲ್ಲಿ ಒಂದು ಕಾಯಿಲಿಂಗ್. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಅದರೊಳಗಿಂದ ಇನ್ನೂ ಸಪೂರದ ಮೈಕ್ರೋಕ್ಯಾತಿಟರನ್ನು ಉಬ್ಬಿನ ಬಾಯಿಗೆ ಒಯ್ದು, ಪ್ಲಾಟಿನಂ ಸುರುಳಿಗಳನ್ನು ಒಳಗೆ ತುಂಬುತ್ತಾರೆ. ಒಳಗೆ ರಕ್ತ ಹೆಪ್ಪುಗಟ್ಟಿ ಉಬ್ಬು ಮುಚ್ಚಿಹೋಗುತ್ತದೆ. ಇಟಲಿಯ ವೈದ್ಯ ಗ್ವಿಡೊ ಗುಲ್ಯೆಲ್ಮಿ ರೂಪಿಸಿದ, ಬೇಕಾದಲ್ಲಿ ಬಿಡಿಸಬಹುದಾದ ಈ ಸುರುಳಿ 1990ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲು ಬಳಕೆಗೆ ಬಂತು. ಇಂದು ಬೆಂಗಳೂರಿನ ನಿಮ್ಹಾನ್ಸ್, ಕೋಲ್ಕತ್ತದ ಬಾಂಗೂರ್ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಲಭ್ಯ.

ತೊಡಕಿರುವುದು ಜಾಗದಲ್ಲಿ. 10 ಮಿ.ಮೀ. ಉಬ್ಬಿನೊಳಗೆ ಮೈಕ್ರೋಕ್ಯಾತಿಟರ್ ತುಸು ಮುಂದೆ ಸರಿದರೂ ಎದುರಿನ ಗೋಡೆ ದೂರವಿರುತ್ತದೆ. 3 ಮಿ.ಮೀ. ಉಬ್ಬಿನಲ್ಲಿ ಆ ಅವಕಾಶ ಇಲ್ಲ. ಅಂಕುಡೊಂಕಾದ ನಾಳಗಳಲ್ಲಿ ತಳ್ಳಿಕೊಂಡು ಬಂದ ಕ್ಯಾತಿಟರ್‌ನಲ್ಲಿ ಬಿಗಿತ ಉಳಿದಿರುತ್ತದೆ. ಅದು ಒಮ್ಮೆಲೇ ಸಡಿಲಿದರೆ ತುದಿ ಮುಂದಕ್ಕೆ ಚಿಮ್ಮುತ್ತದೆ. ಅದರ ತುದಿಯೋ, ಅದಕ್ಕೆ ದಾರಿ ತೋರುವ ತಂತಿಯೋ, ಸುರುಳಿಯೋ ತೆಳು ಗೋಡೆಯನ್ನು ತೂತು ಮಾಡಬಹುದು. 2008ರಲ್ಲಿ ಪ್ರಕಟವಾದ, ಆಗಲೇ ಒಡೆದಿದ್ದ ಅನ್ಯೂರಿಸಂಗಳ ಅಧ್ಯಯನವೊಂದರಲ್ಲಿ 3 ಮಿ.ಮೀ. ಮತ್ತು ಅದಕ್ಕಿಂತ ಕಿರಿದಾದವುಗಳ ಪೈಕಿ ಶೇ 11.7ರಷ್ಟು ಚಿಕಿತ್ಸೆಯ ನಡುವೆಯೇ ಮತ್ತೆ ಒಡೆದವು. ದೊಡ್ಡವುಗಳಲ್ಲಿ ಶೇ 2.3 ಮಾತ್ರ.

ಹಾಗೆ ಒಡೆದರೆ ಎಕ್ಸ್‌ರೇ ಪರದೆಯ ಮೇಲೆ, ನಾಳ ಕಾಣಲೆಂದು ಬಿಟ್ಟ ಕಾಂಟ್ರಾಸ್ಟ್ ದ್ರವ ನಾಳದಾಚೆ ಹರಡುವುದು ಕಾಣುತ್ತದೆ. ಚುಚ್ಚಿದ್ದನ್ನು ತಟ್ಟನೆ ಹಿಂದೆಳೆಯುವಂತಿಲ್ಲ, ತೂತಿಗೆ ಆ ಹೊತ್ತಿನ ಬಿರಡೆ ಅದೇ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿದ್ದರೆ ಅದರ ಪ್ರಭಾವವನ್ನು ಪ್ರೊಟಮಿನ್ ಎಂಬ ಔಷಧದಿಂದ ಇಳಿಸಿ, ರಕ್ತದೊತ್ತಡ ತಗ್ಗಿಸಿ, ನಾಳದಲ್ಲಿ ಮೊದಲೇ ಪುಟ್ಟ ಬಲೂನ್ ಇಟ್ಟಿದ್ದರೆ ಅದನ್ನು ಉಬ್ಬಿಸಿ ಹರಿವನ್ನು ತಡೆದು, ಸುರುಳಿ ತುಂಬುವುದನ್ನು ಮುಂದುವರಿಸುತ್ತಾರೆ.

ಒಮ್ಮೆ ಒಡೆದ ಅನ್ಯೂರಿಸಂ ಬೇಗನೆ ಮತ್ತೆ ಒಡೆಯಬಹುದು, ಹಾಗಾಗಿ ಅಪಾಯವಿದ್ದರೂ ಮುಚ್ಚಲೇಬೇಕು. ಒಡೆಯದೆ ಇರುವುದರ ಲೆಕ್ಕ ಬೇರೆ. 2003ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಮಿದುಳಿನ ಮುಂಭಾಗದ ನಾಳಗಳಲ್ಲಿದ್ದ 7 ಮಿ.ಮೀ.ಗಿಂತ ಕಿರಿದಾದ ಉಬ್ಬುಗಳು, ಹಿಂದೆ ರಕ್ತಸ್ರಾವ ಆಗಿರದವರಲ್ಲಿ, ಐದು ವರ್ಷದಲ್ಲಿ ಒಂದೂ ಒಡೆಯಲಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ: ರಕ್ತಸ್ರಾವವಾಗಿ ಆಸ್ಪತ್ರೆಗೆ ಬರುವವರಲ್ಲೂ ಅನೇಕರ ಉಬ್ಬು ಚಿಕ್ಕದೇ. ಜಾಗ, ಆಕಾರ, ವಯಸ್ಸು, ರಕ್ತದೊತ್ತಡ, ಧೂಮಪಾನ, ಕುಟುಂಬದ ಇತಿಹಾಸ ಎಲ್ಲವನ್ನೂ ತೂಗಬೇಕು.

ಆದ್ದರಿಂದ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಬಿಟ್ಟರೆ ಒಡೆಯುವ ಅಪಾಯವೆಷ್ಟು, ಮುಚ್ಚಲು ಹೋದರೆ ಎಷ್ಟು? ಎರಡನೆಯದೇ ಹೆಚ್ಚಾದರೆ, ಬಿಪಿ ಹಿಡಿತದಲ್ಲಿಟ್ಟು, ಬೀಡಿ-ಸಿಗರೇಟು ಬಿಟ್ಟು, ಹೇಳಿದ ಸಮಯಕ್ಕೆ ಮತ್ತೆ ಸ್ಕ್ಯಾನ್ ಮಾಡಿಸುವುದೂ ಚಿಕಿತ್ಸೆಯೇ.