ಸಿಹಿ ಗಂಟಲಿಗಿಳಿಯಲು ಎಷ್ಟು ಹೊತ್ತು?

ಡೀಸೆಲ್ ಹೊಗೆ, ಕಟ್ಟಡ ಕಾಮಗಾರಿಯ ಧೂಳು, ದೇವನಾರದ ಕಸದ ಗುಡ್ಡದ ಹೊಗೆ. ಮುಂಬೈಯಲ್ಲಿ ಉಸಿರಾಡುವವರ ಮೂಗಿಗೆ ಬಿಡುವೇ ಇಲ್ಲ. ಒಳಹೊಕ್ಕ ಧೂಳನ್ನು ಶ್ವಾಸಕೋಶಕ್ಕೆ ಇಳಿಯಗೊಡದೆ ತಡೆಯುವ ಕೆಲಸ ಸಿಲಿಯಾಗಳದ್ದು. ಮೂಗಿನ ಒಳಪದರದ ಒಂದೊಂದು ರೋಮಕೋಶದ ಮೇಲೂ ಇಂಥ ಸುಮಾರು 200 ಸೂಕ್ಷ್ಮ ರೋಮಗಳಿರುತ್ತವೆ. ಸೆಕೆಂಡಿಗೆ 10ರಿಂದ 15 ಸಲ ಬಡಿಯುತ್ತ ಅವು ಸಿಂಬಳವನ್ನು ಗಂಟಲಿನತ್ತ ದೂಡುತ್ತವೆ.

ಅವು ಸರಿಯಾಗಿ ಬಡಿಯುತ್ತಿವೆಯೇ ಎಂದು ತಿಳಿಯಲು ಇಎನ್‌ಟಿ ವೈದ್ಯರ ಬಳಿ ಸ್ಯಾಕರಿನ್ ಪರೀಕ್ಷೆ ಇದೆ. ಮೂಗಿನ ಹೊಳ್ಳೆಯೊಳಗಿನ ಕೆಳ ಮಡಿಕೆಯ ಮೇಲೆ, ಮುಂತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದೆ, ಸ್ಯಾಕರಿನ್‌ನ ಸಣ್ಣ ಚೂರನ್ನು ಇಡುತ್ತಾರೆ. ರೋಗಿ ಸೀನಬಾರದು, ಮೂಗು ಎಳೆಯಬಾರದು, ನೀರೂ ಕುಡಿಯಬಾರದು. ಸುಮ್ಮನೆ ಕುಳಿತು ಆಗಾಗ ಉಗುಳು ನುಂಗುತ್ತಿರಬೇಕು. ಗಂಟಲಲ್ಲಿ ಸಿಹಿ ಅನ್ನಿಸಿದ ಕೂಡಲೇ ಹೇಳಬೇಕು. ವೈದ್ಯರು ಗಡಿಯಾರ ನೋಡುತ್ತಾರೆ, ಅಷ್ಟೇ. ಆರೋಗ್ಯವಂತರಿಗೆ ಸಾಮಾನ್ಯವಾಗಿ 20 ನಿಮಿಷದೊಳಗೆ ಸಿಹಿ ತಿಳಿಯುತ್ತದೆ. ಅರ್ಧ ಗಂಟೆ ದಾಟಿದರೆ ಅನುಮಾನ. ಆಗ ಸ್ಯಾಕರಿನ್ ಅನ್ನು ನಾಲಿಗೆಗೇ ಇಟ್ಟು, ರುಚಿ ತಿಳಿಯುವ ಶಕ್ತಿ ಇದೆಯೇ ಎಂದೂ ನೋಡಬೇಕಾಗುತ್ತದೆ. ದುಬಾರಿ ಯಂತ್ರ ಬೇಡದ ಈ ಪರೀಕ್ಷೆ, ಜನ ಕಿಕ್ಕಿರಿಯುವ ನಮ್ಮ ಸರ್ಕಾರಿ ಒಪಿಡಿಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಪುಟ್ಟ ಮಕ್ಕಳಿಗೆ ಇದು ಒಗ್ಗದು, ಅವರು ಅಷ್ಟು ಹೊತ್ತು ಅಲುಗಾಡದೆ ಕೂರುವುದಿಲ್ಲ.

ಹುಟ್ಟಿನಿಂದಲೇ ಸಿಲಿಯಾ ಬಡಿಯದವರೂ ಇದ್ದಾರೆ. ಬಿಡದ ಸೈನಸ್ ತೊಂದರೆ, ಹಾಳಾದ ಶ್ವಾಸನಾಳ, ಬಲಕ್ಕಿರುವ ಹೃದಯ, ಈ ಮೂರೂ ಒಟ್ಟಿಗೆ ಬರುವುದನ್ನು 1933ರಲ್ಲಿ ಸ್ವಿಸ್ ವೈದ್ಯ ಕಾರ್ಟಜೆನರ್ ವಿವರಿಸಿದರು. ಕಾರಣ ಸಿಲಿಯಾದಲ್ಲಿದೆ ಎಂದು ಸ್ವೀಡನ್ನಿನ ಅಫ್ಜೇಲಿಯಸ್ ತೋರಿಸಿದ್ದು 1976ರಲ್ಲಿ. ಅಂಥವರಲ್ಲಿ ಸಿಲಿಯಾ ಬಡಿತದ ವೇಗವನ್ನೂ ರೀತಿಯನ್ನೂ ಅಳೆಯಲು ಮೂಗಿನಿಂದ ಕೆರೆದು ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸುತ್ತಾರೆ. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಹೋಗುವ ನಾಳದಲ್ಲೂ ಸಿಲಿಯಾ ಇರುವುದರಿಂದ ಇಂಥ ತೊಂದರೆಯಿರುವ ಮಕ್ಕಳ ಕಿವಿಯಲ್ಲಿ ಮತ್ತೆ ಮತ್ತೆ ದ್ರವ ತುಂಬುತ್ತದೆ.

ಒಳಕಿವಿಯ ಕೇಶಕೋಶಗಳ ಕತೆ ಬೇರೆ. ಅವುಗಳ ರೋಮಗಳು ಧೂಳು ದೂಡುವುದಿಲ್ಲ, ಶಬ್ದಕ್ಕೆ ಬಾಗುತ್ತವೆ. ಆರೋಗ್ಯವಾಗಿರುವ ಒಳಕಿವಿ ತಾನೂ ಕ್ಷೀಣ ಸದ್ದು ಹೊರಡಿಸುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಿಸಿದರು. ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಆ ಸದ್ದನ್ನು ಹಿಡಿಯುವುದೇ ಒಎಇ ಪರೀಕ್ಷೆ. ಮಲಗಿದ ಹಸುಗೂಸಿಗೂ ನೋವಿಲ್ಲದೆ ಮಾಡಬಹುದು.

ಮುಂಬೈಯಲ್ಲಿ ಕಿವಿ ಕೇಳಿಸುವುದರ ಬಗ್ಗೆ ಅನುಮಾನವಿದ್ದರೆ ಬಾಂದ್ರಾ ರಿಕ್ಲಮೇಷನ್‌ನಲ್ಲಿ 1983ರಿಂದ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಗೆ ಹೋಗಬಹುದು. ಮಗು ಹುಟ್ಟಿದ ಮನೆಯವರು ಒಂದು ತಿಂಗಳೊಳಗೆ ಒಎಇ ಪರೀಕ್ಷೆ ಮಾಡಿಸಿ.