ಎಚ್‌ಐವಿ ಪಾಸಿಟಿವ್ ಅಂತ ಗೊತ್ತಾದ್ರೆ ಮಾತ್ರೆ ಯಾವಾಗ ಶುರು ಮಾಡಬೇಕು?

‘ರಿಪೋರ್ಟ್ ಪಾಸಿಟಿವ್ ಬಂದಿದೆ, ಆದ್ರೆ ಮೈಯಲ್ಲಿ ಏನೂ ತೊಂದ್ರೆ ಇಲ್ಲ. ಈಗ್ಲೇ ಮಾತ್ರೆ ಯಾಕೆ?’ ಎಚ್‌ಐವಿ ಇದೆ ಎಂದು ಹೊಸದಾಗಿ ತಿಳಿದವರಲ್ಲಿ ಸಾಮಾನ್ಯವಾಗಿ ಮೂಡುವ ಪ್ರಶ್ನೆ ಇದು. ಮೊದಲು ರಕ್ತದಲ್ಲಿ ಸಿಡಿ4 ಕಣಗಳು ಒಂದು ಮಟ್ಟಕ್ಕಿಂತ ಇಳಿದ ಮೇಲೆ ಚಿಕಿತ್ಸೆ ಕೊಡುತ್ತಿದ್ದರು. 2017ರಿಂದ ಆ ಕಾಯುವಿಕೆ ಇಲ್ಲ. ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಉಂಟು.

ಎಲ್ಲಿ, ಹೇಗೆ?
ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ. ಸೋಂಕು ಖಚಿತವಾದರೆ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಆಪ್ತ ಸಮಾಲೋಚನೆ, ರಕ್ತ ಪರೀಕ್ಷೆ, ಮಾತ್ರೆ ಎಲ್ಲವೂ ಉಚಿತ. ರೋಗಿ ಸಿದ್ಧವಿದ್ದರೆ ಅದೇ ದಿನ, ಇಲ್ಲದಿದ್ದರೆ ವಾರದೊಳಗೆ ಮಾತ್ರೆ ಶುರು ಮಾಡುವುದು ಒಳ್ಳೆಯದು. ಆರೋಗ್ಯ ಸ್ಥಿರವಾದ ಮೇಲೆ ಮನೆಗೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರದಲ್ಲೇ ಮಾತ್ರೆ ಪಡೆಯಬಹುದು.

ಯಾರಿಗೆ ಸ್ವಲ್ಪ ತಡ?
ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಮುಚ್ಚಿಡಬೇಡಿ. ಟಿಬಿ ಇದ್ದರೆ ಮೊದಲು ಅದರ ಔಷಧ, ನಂತರ ಎಆರ್‌ಟಿ. ಟಿಬಿ ಅಥವಾ ಶಿಲೀಂಧ್ರದ ಸೋಂಕು ಮಿದುಳಿನ ಪೊರೆಗೆ ತಗುಲಿದ್ದರೆ ಕೆಲವು ವಾರ ಕಾಯಿಸುತ್ತಾರೆ. ಹಾಗಾಗಿ ಜೋರು ತಲೆನೋವಿದ್ದರೂ ವೈದ್ಯರಿಗೆ ಹೇಳಿ.

ದಿನಕ್ಕೊಂದೇ ಮಾತ್ರೆ
ಈಗ ಬಹುತೇಕ ದೊಡ್ಡವರಿಗೆ ಕೊಡುವುದು ಟಿಎಲ್‌ಡಿ. ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು ಸಲ. ಮೊದಲ ಕೆಲವು ವಾರ ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು ಇರಬಹುದು. ಸಾಮಾನ್ಯವಾಗಿ ತಾನಾಗೇ ಕಡಿಮೆಯಾಗುತ್ತದೆ. ಜಾಸ್ತಿಯಾದರೆ ಕೇಂದ್ರಕ್ಕೆ ಹೋಗಿ, ನೀವೇ ಮಾತ್ರೆ ಬಿಡಬೇಡಿ.

ಮೆಡಿಕಲ್ ಶಾಪ್‌ನವರೂ ಗಮನಿಸಿ: ಗ್ಯಾಸ್ಟ್ರಿಕ್‌ಗೆ ಕೊಡುವ ಆಂಟಾಸಿಡ್ ಜೊತೆಗೇ ನುಂಗಿದರೆ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಆಂಟಾಸಿಡ್‌ಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಟಿಎಲ್‌ಡಿ ತಗೋಬೇಕು. ಕಬ್ಬಿಣ, ಕ್ಯಾಲ್ಸಿಯಂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಗೊಳ್ಳುವವರೂ ಮೊದಲೇ ವೈದ್ಯರಿಗೆ ತಿಳಿಸಿ.

ಹುಷಾರಾದ್ರೆ ಬಿಡಬಹುದಾ?
ಬೇಡ. ದೊಡ್ಡ ತಪ್ಪು ಆಗುವುದೇ ಇಲ್ಲಿ. ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಬಿಟ್ಟರೆ ವೈರಸ್ ಮತ್ತೆ ಏರುತ್ತದೆ. ಬಿಟ್ಟು ಬಿಟ್ಟು ತಗೊಂಡರೆ ಔಷಧಕ್ಕೆ ಬಗ್ಗದಂತೆಯೂ ಆಗಬಹುದು. 6 ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ ಮಾಡುತ್ತಾರೆ. ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ.

ಅಂಗಡಿ ಮಾಲೀಕರಿಗೊಂದು ಮಾತು
ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ರಜೆ ಕೇಳುವ ಕೆಲಸಗಾರನನ್ನು ಕೆದಕಿ ಕಾರಣ ಕೇಳಬೇಡಿ. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಬಿಡಿಸುವುದು 2017ರ ಕಾಯ್ದೆಯ ಪ್ರಕಾರ ತಪ್ಪು. ಕೈ ಕುಲುಕಿದರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ ಎಚ್‌ಐವಿ ಬರುವುದಿಲ್ಲ. ನಾಲ್ಕು ಜನ ಏನಂತಾರೋ ಅನ್ನೋ ಹೆದರಿಕೆಗೆ ಮಾತ್ರೆ ತಪ್ಪಿದರೆ ಹೋಗುವುದು ಒಂದು ಜೀವ.

ಮಾಹಿತಿಗೆ ಉಚಿತ ಸಹಾಯವಾಣಿ: 1097. ಹೆಸರು ಹೇಳಬೇಕಿಲ್ಲ.